ಏಳನೇ ನಡೆಗೆ ಮುಗಿದ ಪಂದ್ಯ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಬರೆದ ಪಾಠಯೋಜನೆಗಳೆಲ್ಲ ಕಾಲೇಜಿನ ಕಡತದಲ್ಲಿವೆ. ಒಂದು ಪಾಠಕ್ಕೆ ಮಾತ್ರ ಯೋಜನೆಯೂ ಇಲ್ಲ, ವೀಕ್ಷಣಾ ವರದಿಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಐವರು ಮಕ್ಕಳಿಗೆ ಮೂರು ವಾರ ಹೇಳಿಕೊಟ್ಟ ಚದುರಂಗದ ಪಾಠ ಅದು. ಆ ಪಾಠ ಸೋತಿತು. ಅದು ಸೋತ ಬಗೆಯನ್ನು ಇಲ್ಲಿ ಬರೆಯುವುದಕ್ಕೆ ಒಂದು ಕಾರಣವಿದೆ. ನಾವು ಪ್ರಶಿಕ್ಷಣಾರ್ಥಿಗಳು ತರಗತಿಯ ಪಾಠಗಳನ್ನು ಅಭ್ಯಾಸ ಮಾಡುವ ಕ್ರಮದಲ್ಲೂ ಅದೇ ತಪ್ಪು ಇದೆ ಎಂದು ನನಗೆ ಬಲವಾಗಿ ಅನ್ನಿಸಿದೆ.

ಮೂರು ವಾರದ ತಯಾರಿ

ನಾನಿದ್ದದ್ದು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಹೋದ ಎರಡನೇ ವಾರವೇ ಅಲ್ಲಿನ ಪಿ.ಟಿ. ಸರ್ ಕರೆದು, "ಮೇಡಂ, ನಿಮಗೆ ಚೆಸ್ ಬರುತ್ತಂತಲ್ಲ. ತಾಲ್ಲೂಕು ಕ್ರೀಡಾಕೂಟಕ್ಕೆ ಇನ್ನು ಮೂರೇ ವಾರ ಇರೋದು. ಕಬಡ್ಡಿ, ಖೋ-ಖೋ ನಾನು ನೋಡ್ಕೋತೀನಿ. ಚೆಸ್ ಮಕ್ಕಳನ್ನ ನೀವು ಸ್ವಲ್ಪ ತಯಾರು ಮಾಡಿ" ಎಂದರು. ಬಿ.ಎಸ್ಸಿ. ಓದುವಾಗ ಕಾಲೇಜಿನ ತಂಡದಲ್ಲಿ ಆಡಿದ್ದೆ. ಖುಷಿಯಿಂದ ಒಪ್ಪಿಕೊಂಡೆ.

ಮೂವರು ಹುಡುಗರು, ಇಬ್ಬರು ಹುಡುಗಿಯರು. ಯಾವ ಕಾಯಿ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿದ್ದದ್ದು ಎರಡು ಬೋರ್ಡು. ಒಂದರಲ್ಲಿ ಬಿಳಿ ಆನೆ ಕಳೆದುಹೋಗಿ ಅದರ ಜಾಗದಲ್ಲಿ ಸೀಮೆಸುಣ್ಣದ ತುಂಡು ನಿಲ್ಲುತ್ತಿತ್ತು.

ಇಷ್ಟು ಕಡಿಮೆ ಸಮಯದಲ್ಲಿ ಎಲ್ಲವನ್ನೂ ಕಲಿಸಲಾಗದು, ಒಂದು ಓಪನಿಂಗನ್ನಾದರೂ ಗಟ್ಟಿಯಾಗಿ ಕಲಿಸೋಣ ಎಂದುಕೊಂಡೆ. ಚದುರಂಗ ಆಡದ ಓದುಗರಿಗಾಗಿ ಒಂದು ಮಾತು: ಆಟದ ಮೊದಲ ಹತ್ತು ಹದಿನೈದು ನಡೆಗಳ ಹಂತವನ್ನು ಓಪನಿಂಗ್ ಎನ್ನುತ್ತಾರೆ. ಕಾಯಿಗಳನ್ನು ಹೊರಗೆ ತರುವುದು, ಬೋರ್ಡಿನ ನಡುವಿನ ಮನೆಗಳನ್ನು ಹಿಡಿಯುವುದು, ರಾಜನನ್ನು ಭದ್ರಪಡಿಸುವುದು ಆಗಿನ ಕೆಲಸ. ನೂರಾರು ವರ್ಷಗಳಿಂದ ಆಡಿದವರು ಒಳ್ಳೆಯ ನಡೆಗಳ ಸರಣಿಗಳನ್ನು ಬರೆದಿಟ್ಟು ಒಂದೊಂದಕ್ಕೂ ಹೆಸರಿಟ್ಟಿದ್ದಾರೆ.

ನಾನು ಆರಿಸಿಕೊಂಡದ್ದು ಇಟಾಲಿಯನ್ ಓಪನಿಂಗ್. ಬಿಳಿ ತನ್ನ ರಾಜನ ಮುಂದಿನ ಕಾಲಾಳನ್ನು ಇ4 ಮನೆಗೆ ನಡೆಸುತ್ತದೆ, ಕಪ್ಪು ಇ5ಕ್ಕೆ. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಮೂರನೆಯ ನಡೆಯಲ್ಲಿ ಬಿಳಿ ಒಂಟೆ ಸಿ4ಕ್ಕೆ ಬರುತ್ತದೆ. ಅಲ್ಲಿಂದ ಅದರ ಓರೆ ದಾರಿ ಎಫ್7 ಮನೆಯವರೆಗೂ ತೆರೆದಿರುತ್ತದೆ. ಆಟದ ಆರಂಭದಲ್ಲಿ ಆ ಮನೆಗೆ ಕಪ್ಪು ರಾಜನೊಬ್ಬನೇ ಕಾವಲು.

ಇಲ್ಲಿ ಕಪ್ಪು ತನ್ನ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿ ಕುದುರೆ ಜಿ5ಕ್ಕೆ ನೆಗೆಯುತ್ತದೆ. ಎಫ್7ರ ಮೇಲೆ ಈಗ ಎರಡು ಕಾಯಿಗಳ ಕಣ್ಣು. ಒಂಟೆಯ ದಾರಿ ತಡೆಯಲು ಕಪ್ಪು ಡಿ5ಕ್ಕೆ ಕಾಲಾಳನ್ನು ತರುತ್ತದೆ, ಬಿಳಿಯ ಕಾಲಾಳು ಅದನ್ನು ಹೊಡೆಯುತ್ತದೆ, ಕಪ್ಪು ಕುದುರೆ ಮರಳಿ ಹೊಡೆಯುತ್ತದೆ. ಆರನೆಯ ನಡೆಯಲ್ಲಿ ಬಿಳಿ ಕುದುರೆ ಎಫ್7ರ ಕಾಲಾಳನ್ನು ಹೊಡೆದು ತನ್ನನ್ನೇ ಬಲಿ ಕೊಡುತ್ತದೆ. ರಾಜ ಅದನ್ನು ಹೊಡೆಯದಿದ್ದರೆ ರಾಣಿಯೋ ಆನೆಯೋ ಹೋಗುತ್ತದೆ, ಹೊಡೆದರೆ ಎಫ್3ಕ್ಕೆ ಬಂದ ಬಿಳಿ ರಾಣಿಯ ಚೆಕ್‌ಗೆ ಸಿಕ್ಕಿ ಬಯಲಿಗೆ ಬೀಳುತ್ತಾನೆ. 1600ರ ಆಸುಪಾಸಿನಲ್ಲಿದ್ದ ಇಟಲಿಯ ಪೊಲೆರಿಯೊ ಎಂಬ ಆಟಗಾರನ ಕಾಲದಿಂದಲೂ ಗೊತ್ತಿರುವ ದಾಳಿ ಇದು. ಇಂಗ್ಲಿಷಿನಲ್ಲಿ ಫ್ರೈಡ್ ಲಿವರ್ ಅಟ್ಯಾಕ್ ಎನ್ನುತ್ತಾರೆ. ನಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕು ಅದನ್ನು 'ಲಿವರ್ ಫ್ರೈ' ಮಾಡಿಕೊಂಡರು. ಹೆಸರಿನಿಂದಲೇ ನಡೆಗಳು ನೆನಪಿನಲ್ಲಿ ಕೂತವು.

ನಾನು ಕಲಿಸಿದ್ದು ಹೀಗೆ: ಏಳು ನಡೆಗಳನ್ನು ಕರಿಹಲಗೆಯ ಮೇಲೆ ಬರೆದೆ. ಎಫ್7 ಮನೆಗೆ ಕೆಂಪು ಸೀಮೆಸುಣ್ಣದಿಂದ ಗುರುತು ಹಾಕಿ, "ಇದೇ ನಮ್ಮ ಗುರಿ" ಎಂದೆ. ಮಕ್ಕಳು ಮಗ್ಗಿಯಂತೆ ಹೇಳಿಕೊಂಡರು. ಆಮೇಲೆ ಜೋಡಿ ಜೋಡಿಯಾಗಿ ಕೂರಿಸಿ ಆಡಿಸಿದೆ. ಕಪ್ಪು ಕಾಯಿ ಹಿಡಿದವರಿಗೆ, "ನೀವು ಬರೆದಿರುವ ನಡೆಗಳನ್ನೇ ಆಡಿ, ಇಲ್ಲದಿದ್ದರೆ ಅವರಿಗೆ ಅಭ್ಯಾಸ ಆಗೋದಿಲ್ಲ" ಎಂದು ಹೇಳಿದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎಲ್ಲರಿಗಿಂತ ಬೇಗ ಕಲಿತಳು. ಮೂರನೇ ವಾರದ ಹೊತ್ತಿಗೆ ಕೈ ನಿಲ್ಲದಂತೆ ಏಳೂ ನಡೆಗಳನ್ನು ಆಡುತ್ತಿದ್ದಳು. ಪಿ.ಟಿ. ಸರ್ ಬಂದು ನೋಡಿ ಮೆಚ್ಚಿಕೊಂಡರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ತಾಲ್ಲೂಕು ಕೇಂದ್ರದಲ್ಲಿ

ಪಂದ್ಯಗಳು ನಾಕೌಟ್ ಕ್ರಮದಲ್ಲಿದ್ದವು. ಸೋತವರು ಹೊರಗೆ. ಬಾಲಕಿಯರ ವಿಭಾಗದ ಮೊದಲ ಸುತ್ತಿನಲ್ಲಿ ನಮ್ಮ ಹುಡುಗಿಗೆ ಬಿಳಿ ಕಾಯಿ ಸಿಕ್ಕಿತು. ಬಾಗಿಲ ಹೊರಗಿನಿಂದಲೇ ಅವಳ ಮುಖದ ನಗು ಕಾಣುತ್ತಿತ್ತು. ಐದು ನಿಮಿಷವೂ ಆಗಿರಲಿಲ್ಲ, ಎದ್ದು ಹೊರಗೆ ಬಂದಳು. ಬೇಗ ಗೆದ್ದಳೆಂದೇ ನಾನು ತಿಳಿದೆ.

ಬರೀ ಏಳು ನಡೆಯಾದ್ದರಿಂದ ಅವಳಿಗೆ ಎಲ್ಲವೂ ನೆನಪಿತ್ತು. ಜಗುಲಿಯ ಮೇಲೆ ಬೋರ್ಡು ಹಾಸಿ ತೋರಿಸಿದಳು. ಮೊದಲ ಎರಡು ನಡೆಗಳು ನಾವು ಕಲಿತಂತೆಯೇ. ಮೂರನೆಯದಾಗಿ ಇವಳು ಒಂಟೆಯನ್ನು ಸಿ4ಕ್ಕೆ ತಂದಿದ್ದಾಳೆ. ಎದುರಾಳಿ ಹುಡುಗಿ ಎಫ್6ಕ್ಕೆ ಕುದುರೆ ತರಲಿಲ್ಲ. ಸಿ6ರಲ್ಲಿದ್ದ ಕುದುರೆಯನ್ನೇ ಮತ್ತೆ ಎತ್ತಿ ಡಿ4ಕ್ಕೆ ಇಟ್ಟಳು. ಅದರಿಂದ ಇ5ರ ಕಪ್ಪು ಕಾಲಾಳಿಗೆ ಕಾವಲಿಲ್ಲದಂತಾಯಿತು. ನಮ್ಮವಳು ಅದನ್ನು ಕುದುರೆಯಿಂದ ಹೊಡೆದಳು. ಕಪ್ಪು ರಾಣಿ ಜಿ5ಕ್ಕೆ ಬಂತು. ಈಗ ಅದರ ಕಣ್ಣು ಕುದುರೆಯ ಮೇಲೂ ಇದೆ, ಜಿ2ರ ಕಾಲಾಳಿನ ಮೇಲೂ ಇದೆ. ನಮ್ಮವಳು ಯೋಚಿಸಲೇ ಇಲ್ಲ, ಕುದುರೆಯಿಂದ ಎಫ್7ರ ಕಾಲಾಳನ್ನು ಹೊಡೆದಳು. ಕೆಂಪು ಗುರುತಿನ ಮನೆ ಅದೇ ತಾನೆ! ರಾಣಿ, ಆನೆ ಎರಡರ ಮೇಲೂ ಒಂದೇ ಏಟಿಗೆ ದಾಳಿ. ಎದುರಾಳಿಯ ರಾಣಿ ಜಿ2ರ ಕಾಲಾಳನ್ನು ಹೊಡೆದು ಮೂಲೆಯ ಆನೆಯ ಪಕ್ಕಕ್ಕೆ ಬಂತು. ಆನೆ ಎಫ್1ಕ್ಕೆ ಸರಿಯಿತು. ರಾಣಿ ಇ4ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಒಂಟೆ ಇ2ಕ್ಕೆ ಹಿಂತಿರುಗಿ ಅಡ್ಡ ನಿಂತಿತು. ಡಿ4ರಲ್ಲಿ ಕಾಯುತ್ತಿದ್ದ ಕಪ್ಪು ಕುದುರೆ ಎಫ್3ಕ್ಕೆ ನೆಗೆಯಿತು. ಚೆಕ್‌ಮೇಟ್. ರಾಜನ ಸುತ್ತಲೂ ಅವನದೇ ಕಾಯಿಗಳು, ಅಲುಗಾಡಲು ಒಂದು ಮನೆಯೂ ಇಲ್ಲ. ಅಡ್ಡ ನಿಂತ ಒಂಟೆ ರಾಣಿಯ ದಾರಿ ಬಿಟ್ಟು ಕದಲುವಂತಿಲ್ಲ.

ಇದು ಹಳೆಯ ಬಲೆ. 1912ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಸರ್ಬಿಯಾದ ಬೋರಿಸ್ ಕೋಸ್ಟಿಚ್ ಇದೇ ಏಳು ನಡೆಗಳಲ್ಲಿ ಗೆದ್ದ ಆಟ ಪುಸ್ತಕಗಳಲ್ಲಿದೆ. ಇಂಗ್ಲೆಂಡಿನ ಆಟಗಾರ ಬ್ಲಾಕ್‌ಬರ್ನ್ ಇದನ್ನು ಆಡಿ ಹೋಟೆಲಿಗೆ ಬಂದವರಿಂದ ಒಂದೊಂದು ಶಿಲ್ಲಿಂಗ್ ಗೆಲ್ಲುತ್ತಿದ್ದನೆಂಬ ಪ್ರತೀತಿಯಿಂದ ಅದಕ್ಕೆ ಬ್ಲಾಕ್‌ಬರ್ನ್ ಶಿಲ್ಲಿಂಗ್ ಗ್ಯಾಂಬಿಟ್ ಎಂಬ ಹೆಸರೂ ಇದೆ. ನನಗೆ ಇದು ಗೊತ್ತಿತ್ತು. ಮಕ್ಕಳಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಬಾಲಕರ ವಿಭಾಗದಿಂದ ನಮ್ಮ ಹುಡುಗನೊಬ್ಬ ಸೋತು ಬಂದ. ಅವನ ಎದುರಾಳಿ ಮೂರನೆಯ ನಡೆಯಲ್ಲಿ ಒಂಟೆಯನ್ನು ಸಿ5ಕ್ಕೆ ತಂದಿದ್ದ. ಅದು ಎಲ್ಲರೂ ಆಡುವ ಸಾಮಾನ್ಯ ನಡೆ. ನಮ್ಮವನು ಪಾಠದಂತೆ ಕುದುರೆಯನ್ನು ಜಿ5ಕ್ಕೆ ನೆಗೆಸಿದ. ಕಪ್ಪು ರಾಣಿ ಬಂದು ಅದನ್ನು ಸುಮ್ಮನೆ ಎತ್ತಿಕೊಂಡು ಹೋಯಿತು. ಎದುರಾಳಿಯ ಕುದುರೆ ಎಫ್6ರಲ್ಲಿದ್ದರೆ ಅದು ತನ್ನದೇ ರಾಣಿಯ ದಾರಿಗೆ ಅಡ್ಡ ನಿಲ್ಲುತ್ತದೆ. ನಮ್ಮ ಕುದುರೆ ಜಿ5ರಲ್ಲಿ ಬದುಕುವುದು ಆ ಒಂದೇ ಕಾರಣದಿಂದ. ನಡೆಯನ್ನು ಹೇಳಿಕೊಟ್ಟಿದ್ದ ನಾನು ಆ ಕಾರಣವನ್ನು ಹೇಳಿರಲಿಲ್ಲ.

ಹುಡುಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಮಿಸ್, ಅವಳು ತಪ್ಪು ಆಡಿದ್ಲು. ನೀವು ಹೇಳ್ಕೊಟ್ಟ ಹಾಗೆ ಆಡ್ಲೇ ಇಲ್ಲ. ಆದ್ರೂ ಗೆದ್ಲು."

ಅವಳು ಹೇಳಿದ್ದು ಸರಿ

ಬಸ್ಸಿನಲ್ಲಿ ಮರಳುವಾಗ ಆ ಮಾತನ್ನೇ ಯೋಚಿಸುತ್ತಿದ್ದೆ. ಎದುರಾಳಿ ಆಡಿದ್ದು ನಿಜಕ್ಕೂ ತಪ್ಪು ನಡೆಯೇ. ಆರಂಭದಲ್ಲಿ ಒಂದೇ ಕಾಯಿಯನ್ನು ಕಾರಣವಿಲ್ಲದೆ ಎರಡು ಸಲ ನಡೆಸಬಾರದು, ಉಳಿದ ಕಾಯಿಗಳು ಹಿಂದೆ ಬೀಳುತ್ತವೆ. ಇದು ಓಪನಿಂಗಿನ ಮೊದಲ ಸೂತ್ರಗಳಲ್ಲಿ ಒಂದು. ಡಿ4ಕ್ಕೆ ಬಂದ ಕುದುರೆಯನ್ನು ನಮ್ಮವಳು ತನ್ನ ಕುದುರೆಯಿಂದ ಹೊಡೆದು, ಕಪ್ಪು ಕಾಲಾಳು ಮರಳಿ ಹೊಡೆದ ಮೇಲೆ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಭದ್ರಪಡಿಸಿಕೊಂಡಿದ್ದರೆ, ಆಟ ಅವಳ ಕಡೆಗೇ ಇರುತ್ತಿತ್ತು. ಕಪ್ಪಿನ ಕಡೆ ಒಂದು ಕಾಯಿಯೂ ಹೊರಗೆ ಬಂದಿರುತ್ತಿರಲಿಲ್ಲ.

ಅಂದರೆ ಅವಳು ಸೋತದ್ದು ಬಲವಾದ ನಡೆಯ ಎದುರು ಅಲ್ಲ, ದುರ್ಬಲವಾದ ನಡೆಯ ಎದುರು. ಪುಸ್ತಕದ ನಡೆ ಬಂದಿದ್ದರೆ ಗೆಲ್ಲಬಹುದಾಗಿದ್ದವಳು ಪುಸ್ತಕಕ್ಕಿಂತ ಕೆಟ್ಟ ನಡೆ ಬಂದದ್ದಕ್ಕೆ ಸೋತಳು. ಎಫ್7ರಲ್ಲಿ ಹೊಡೆಯಬೇಕು ಎಂಬುದನ್ನು ನಾನು ಕಲಿಸಿದ್ದೆ. ಯಾವಾಗ ಹೊಡೆಯಬೇಕು, ಏಕೆ ಹೊಡೆಯಬೇಕು ಎಂಬುದನ್ನು ಕಲಿಸಿರಲಿಲ್ಲ. 'ಲಿವರ್ ಫ್ರೈ'ಯಲ್ಲಿ ಆ ಏಟು ಎದುರಾಳಿಯ ರಾಜನನ್ನು ಬಯಲಿಗೆಳೆಯುತ್ತದೆ, ಒಂಟೆ ಮತ್ತು ರಾಣಿ ಅವನಿಗಾಗಿ ಕಾದಿರುತ್ತವೆ. ಇಲ್ಲಿ ಅದೇ ಏಟು ನಮ್ಮ ಕುದುರೆಯನ್ನು ದೂರದ ಮೂಲೆಗೆ ಕಳಿಸಿ ನಮ್ಮ ರಾಜನನ್ನೇ ಒಂಟಿ ಮಾಡಿತು. ಮನೆ ಒಂದೇ, ಹೊಡೆತ ಒಂದೇ, ಸನ್ನಿವೇಶ ಬೇರೆ.

'ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು' ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಾನು ಕಟ್ಟಿಕೊಟ್ಟದ್ದು ಮೂರನೇ ನಡೆಗೇ ಖಾಲಿಯಾಗಿತ್ತು.

ತರಗತಿಯ ಕುದುರೆ

ಇದು ಚದುರಂಗದ ವಿಷಯವಷ್ಟೇ ಆಗಿದ್ದರೆ ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕ್ರೀಡಾಕೂಟಕ್ಕೆ ಹತ್ತು ದಿನ ಮುಂಚೆ ಎಂಟನೇ ತರಗತಿಯಲ್ಲಿ ನನ್ನ ವಿಮರ್ಶಾ ಪಾಠವಿತ್ತು. ನಿತ್ಯಸಮೀಕರಣಗಳು. (ಎ + ಬಿ)² = ಎ² + 2ಎಬಿ + ಬಿ². 5ಇ ಮಾದರಿಯಲ್ಲಿ ಯೋಜನೆ ಬರೆದಿದ್ದೆ, ಚಾರ್ಟ್ ತಯಾರಾಗಿತ್ತು, ನಿಮಿಷ ನಿಮಿಷದ ಲೆಕ್ಕವಿತ್ತು. ವಿವರಣೆಯ ಹಂತದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, (ಎಬಿ)² ಅಂದ್ರೆ ಎ²ಬಿ² ಅಂತ ಹೋದ ವರ್ಷ ಹೇಳ್ಕೊಟ್ಟಿದ್ರು. ಹಾಗಾದ್ರೆ (ಎ + ಬಿ)² ಅಂದ್ರೆ ಎ² + ಬಿ² ಯಾಕಾಗಲ್ಲ?" ಎಂದು ಕೇಳಿದ.

ನನ್ನ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಹಿಂದೆ ಉಪನ್ಯಾಸಕರು ಕೂತಿದ್ದರು, ಇನ್ನು ಹನ್ನೆರಡು ನಿಮಿಷ ಉಳಿದಿತ್ತು. "ಒಳ್ಳೆ ಪ್ರಶ್ನೆ. ಆಮೇಲೆ ನೋಡೋಣ, ಕೂತ್ಕೋ" ಎಂದು ಚಾರ್ಟಿನ ಕಡೆ ತಿರುಗಿದೆ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ವರದಿಯಲ್ಲಿ ಸಮಯಪಾಲನೆಗೆ ಒಳ್ಳೆಯ ಅಂಕ ಬಂತು. ಆ 'ಆಮೇಲೆ' ಬರಲೇ ಇಲ್ಲ.

ಬಸ್ಸಿನಲ್ಲಿ ಕೂತು ಹುಡುಗಿಯ ಮಾತನ್ನು ಯೋಚಿಸುವಾಗ ಈ ಹುಡುಗ ನೆನಪಾದ. ಅವನು ಮಾಡಿದ್ದೂ ಅವಳು ಮಾಡಿದ್ದೂ ಒಂದೇ. ಒಂದು ಸನ್ನಿವೇಶದಲ್ಲಿ ಸರಿಯಾಗಿದ್ದ ನಡೆಯನ್ನು, ಹಾಗೇ ಕಾಣುವ ಇನ್ನೊಂದು ಸನ್ನಿವೇಶಕ್ಕೆ ತಂದು ಆಡುವುದು. ಗುಣಾಕಾರದಲ್ಲಿ ನಡೆಯುವುದು ಕೂಡುವಲ್ಲಿ ಏಕೆ ನಡೆಯದು ಎಂದು ಅವನು ಕೇಳಿದಾಗ ಅವನು ನಿಜವಾಗಿ ಗಣಿತದ ಒಳಗೆ ಕಾಲಿಟ್ಟಿದ್ದ. ಸೂತ್ರ ಒಪ್ಪಿಸಿದ ಉಳಿದ ಮೂವತ್ತು ಮಕ್ಕಳಿಗಿಂತ ಅವನೇ ಮುಂದಿದ್ದ. ಅವನನ್ನು ಕೂರಿಸಿದವಳು ನಾನು. ಅವನು ಪುಸ್ತಕದ ಹೊರಗಿನ ನಡೆ ಆಡಿದಾಗ ನನ್ನ ಕೈಯಲ್ಲಿ ಉತ್ತರವಿರಲಿಲ್ಲ. ಗಣಿತ ಬರದೆ ಹಾಗಾದದ್ದಲ್ಲ, ಆ ನಡೆಗೆ ನಾನು ಎಂದೂ ಅಭ್ಯಾಸ ಮಾಡಿರಲಿಲ್ಲ.

ಮರುವಾರ ಆ ತರಗತಿಗೆ ಹೋದಾಗ ಹಲಗೆಯ ಮೇಲೆ 7 ಅಳತೆಯ ಒಂದು ಚೌಕ ಬರೆದು, ಬದಿಗಳನ್ನು 3 ಮತ್ತು 4 ಎಂದು ಭಾಗ ಮಾಡಿದೆ. ಪೂರ್ತಿ ಚೌಕ 49. ಒಳಗಿನ ಎರಡು ಚಿಕ್ಕ ಚೌಕಗಳು 9 ಮತ್ತು 16, ಕೂಡಿದರೆ 25. "ಉಳಿದ 24 ಎಲ್ಲಿ ಹೋಯ್ತು?" ಎಂದು ಅವನನ್ನೇ ಕೇಳಿದೆ. ಎದ್ದು ಬಂದು 3ಕ್ಕೆ 4ರ ಎರಡು ಆಯತಗಳನ್ನು ಬೆರಳಿನಿಂದ ತೋರಿಸಿದ. ಆರು ನಿಮಿಷ ಹಿಡಿಯಿತು. ವಿಮರ್ಶಾ ಪಾಠದ ದಿನ ನನ್ನ ಬಳಿ ಹನ್ನೆರಡು ನಿಮಿಷಗಳಿದ್ದವು.

ಎದುರಾಳಿಯೂ ನಮ್ಮವರೇ ಆದಾಗ

ಈ ಎರಡು ಸೋಲುಗಳಿಗೂ ಮೂಲ ಒಂದೇ ಎಂದು ನನ್ನ ಅಭಿಪ್ರಾಯ. ನಾನು ಮಕ್ಕಳಿಗೆ ಓಪನಿಂಗ್ ಅಭ್ಯಾಸ ಮಾಡಿಸುವಾಗ ಕಪ್ಪು ಕಾಯಿ ಹಿಡಿದವರು ನಾನು ಬರೆದುಕೊಟ್ಟ ನಡೆಗಳನ್ನೇ ಆಡುತ್ತಿದ್ದರು. ಸೂಕ್ಷ್ಮ ಬೋಧನೆಯಲ್ಲಿ ನಾವು ಮಾಡುವುದೂ ಅದನ್ನೇ. ನಾನು ಪಾಠ ಮಾಡುವಾಗ ನನ್ನ ಸಹಪಾಠಿಗಳು ವಿದ್ಯಾರ್ಥಿಗಳಾಗಿ ಕೂರುತ್ತಾರೆ. ನಾನು ಯಾವ ಉತ್ತರ ಬಯಸುತ್ತೇನೆಂದು ಅವರಿಗೆ ಗೊತ್ತು, ಅದನ್ನೇ ಕೊಡುತ್ತಾರೆ. ನಾಳೆ ಅವರ ಸರದಿ ಬಂದಾಗ ನಾನೂ ಹಾಗೇ ಕೊಡಬೇಕಲ್ಲ! "ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ಏನೆನ್ನುತ್ತಾರೆ?" ಎಂದರೆ ಹತ್ತು ಕೈಗಳು ಒಟ್ಟಿಗೆ ಏಳುತ್ತವೆ. ಪ್ರಶ್ನಿಸುವ ಕೌಶಲಕ್ಕೆ, ಪುನರ್ಬಲನ ಕೌಶಲಕ್ಕೆ ಅಂಕಗಳು ಬೀಳುತ್ತವೆ. ಎದುರಾಳಿಯೂ ನಮ್ಮವರೇ ಆದ ಆಟದಲ್ಲಿ ಗೆದ್ದವರು ನಾವು. ಆ ಗೆಲುವಿನ ಧೈರ್ಯದಲ್ಲಿ ಶಾಲೆಗೆ ಹೋಗುತ್ತೇವೆ. ಅಲ್ಲಿ ಯಾವುದೋ ಮಗು ಮೂರನೆಯ ನಡೆಗೆ ಕುದುರೆಯನ್ನು ಡಿ4ಕ್ಕೆ ಇಡುತ್ತದೆ.

ಪಾಠಯೋಜನೆಯ ನಮೂನೆಯನ್ನೇ ನೋಡಿ. ಒಂದು ಅಂಕಣದಲ್ಲಿ ಶಿಕ್ಷಕರ ಚಟುವಟಿಕೆ, ಇನ್ನೊಂದರಲ್ಲಿ ವಿದ್ಯಾರ್ಥಿಗಳ ಚಟುವಟಿಕೆ. ವಿದ್ಯಾರ್ಥಿಗಳು ಏನು ಹೇಳುತ್ತಾರೆಂಬುದನ್ನು ಹಿಂದಿನ ರಾತ್ರಿ ಮನೆಯಲ್ಲಿ ಕೂತು ನಾವೇ ಬರೆಯುತ್ತೇವೆ. ಅದರಲ್ಲಿ ಅವರು ತಪ್ಪು ಹೇಳುವುದೇ ಇಲ್ಲ.

ಬಾಯಿಪಾಠ ಬೇಡವೇ?

ಇದನ್ನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. "ಮೂರು ವಾರದಲ್ಲಿ ಇನ್ನೇನು ಮಾಡೋಕಾಗುತ್ತೆ? ಹೊಸಬರಿಗೆ ಹಿಡಿದುಕೊಳ್ಳೋಕೆ ಏನಾದ್ರೂ ಬೇಕಲ್ವಾ? ಮಗ್ಗಿ ಬಾಯಿಪಾಠ ಇಲ್ಲದೆ ಯಾರು ಗಣಿತ ಕಲಿತಿದ್ದಾರೆ?" ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ದೊಡ್ಡ ಆಟಗಾರರೆಲ್ಲ ಓಪನಿಂಗುಗಳನ್ನು ನೆನಪಿನಲ್ಲಿ ಇಟ್ಟುಕೊಂಡವರೇ. ಪಾಠಯೋಜನೆ ಇಲ್ಲದೆ ತರಗತಿಗೆ ಹೋಗಬೇಕೆಂದು ನಾನೂ ಹೇಳುವುದಿಲ್ಲ. ಮೊದಲ ದಿನ ಕೈ ನಡುಗುವಾಗ ಕೈಯಲ್ಲಿನ ಆ ಹಾಳೆಯೇ ನನ್ನನ್ನು ನಿಲ್ಲಿಸಿತ್ತು.

ಆದರೆ ನೆನಪು ನಿಲ್ಲುವುದು ಯಾವುದರ ಮೇಲೆ ಎಂಬುದನ್ನೂ ಕೇಳಬೇಕು. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಇದಕ್ಕೊಂದು ಪ್ರಸಿದ್ಧ ಪ್ರಯೋಗವಿದೆ, ಅದೂ ಚದುರಂಗದ್ದೇ. ಡಚ್ ಮನೋವಿಜ್ಞಾನಿ ಡಿ ಗ್ರೂಟ್ ಆರಂಭಿಸಿದ ಕೆಲಸವನ್ನು ಅಮೆರಿಕದ ಚೇಸ್ ಮತ್ತು ಸೈಮನ್ 1973ರಲ್ಲಿ ಮುಂದುವರಿಸಿದರು. ನಿಜವಾದ ಆಟದ ಒಂದು ಸನ್ನಿವೇಶವನ್ನು ಕೆಲವೇ ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರರು ಕಾಯಿಗಳನ್ನು ಹೊಸಬರಿಗಿಂತ ತುಂಬಾ ಚೆನ್ನಾಗಿ ಮರಳಿ ಜೋಡಿಸಿದರು. ಅದೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದಾಗ ಅವರ ಆ ಮೇಲುಗೈ ಬಹುಮಟ್ಟಿಗೆ ಕರಗಿಹೋಯಿತು. ಅವರ ನೆನಪು ಕಾಯಿಗಳ ನಡುವಿನ ಸಂಬಂಧದ ಮೇಲೆ ನಿಂತಿತ್ತು. ಸಂಬಂಧ ತಿಳಿಯದೆ ನೆನಪಿಟ್ಟುಕೊಂಡದ್ದು ಒಂದು ಕಾಯಿ ಆಚೀಚೆ ಆದರೆ ಬಿದ್ದುಹೋಗುತ್ತದೆ.

ಸಮಯದ ಪ್ರಶ್ನೆಗೂ ಒಂದು ಉತ್ತರವಿದೆ. ಇಮ್ಯಾನುಯೆಲ್ ಲಾಸ್ಕರ್ ಗಣಿತಜ್ಞ. 1894ರಿಂದ 1921ರವರೆಗೆ ಚದುರಂಗದ ವಿಶ್ವ ಚಾಂಪಿಯನ್. 1920ರ ದಶಕದಲ್ಲಿ ಅವರು ಬರೆದ ಕೈಪಿಡಿಯ ಕೊನೆಯಲ್ಲಿ ಚದುರಂಗ ಕಲಿಸುವ ಬಗ್ಗೆ ಒಂದು ಅಧ್ಯಾಯವಿದೆ. ಒಬ್ಬ ಸಾಧಾರಣ ಕಲಿಕಾರ್ಥಿಗೆ 200 ಗಂಟೆಗಳ ಪಠ್ಯಕ್ರಮವನ್ನು ಅವರು ಅಲ್ಲಿ ಸೂಚಿಸುತ್ತಾರೆ. ಅದರಲ್ಲಿ ಓಪನಿಂಗುಗಳಿಗೆ ಕೊಟ್ಟದ್ದು 10 ಗಂಟೆ. ಆಡುವುದಕ್ಕೆ ಮತ್ತು ಆಡಿದ್ದನ್ನು ವಿಶ್ಲೇಷಿಸುವುದಕ್ಕೆ 120 ಗಂಟೆ. ನಾನು ನನ್ನ ಮೂರು ವಾರವನ್ನು ಹಂಚಿದ್ದು ಇದಕ್ಕೆ ತಿರುಗುಮುರುಗಾಗಿ. ಸಮಯ ಕಡಿಮೆ ಇದ್ದಾಗಲೇ ಕಾರಣವನ್ನು ಮೊದಲು ಕಲಿಸಬೇಕು, ಏಕೆಂದರೆ ಎಲ್ಲ ನಡೆಗಳನ್ನೂ ಕಲಿಸಲು ಯಾವ ಅವಧಿಯೂ ಸಾಲದು.

ಏನು ಮಾಡಬಹುದು

ಕ್ರೀಡಾಕೂಟದ ನಂತರ ನನಗೆ ಆ ಶಾಲೆಯಲ್ಲಿ ಇನ್ನೂ ಎರಡು ವಾರ ಉಳಿದಿತ್ತು. ಆ ಹುಡುಗಿ ಎರಡು ದಿನ ಚದುರಂಗಕ್ಕೆ ಬರಲಿಲ್ಲ. ಮೂರನೇ ದಿನ ಬಂದು ದೂರದಲ್ಲಿ ನಿಂತಳು, ಆಮೇಲೆ ಕೂತಳು. ಕಲಿಸುವ ಕ್ರಮ ಬದಲಿಸಿದೆ. ಒಂದೊಂದು ನಡೆಗೂ ಆಟ ನಿಲ್ಲಿಸಿ ಮೂರು ಪ್ರಶ್ನೆ ಕೇಳುತ್ತಿದ್ದೆ. ಈ ನಡೆಯಿಂದ ಎದುರಾಳಿ ಏನು ಮಾಡಲು ಹೊರಟಿದ್ದಾಳೆ? ಇದರಿಂದ ಅವಳು ಬಿಟ್ಟುಕೊಟ್ಟದ್ದೇನು? ನನ್ನ ರಾಜ ಈಗ ಎಷ್ಟು ಭದ್ರ? ಕಪ್ಪು ಕಾಯಿಯವರಿಗೆ ಏನು ಬೇಕಾದರೂ ಆಡುವ ಸ್ವಾತಂತ್ರ್ಯ ಕೊಟ್ಟೆ. ಆಟ ನಿಧಾನವಾಯಿತು, ಗಲಾಟೆ ಹೆಚ್ಚಿತು.

ಇದೇ ಅನುಭವದ ಮೇಲೆ ನಮ್ಮ ಉಪನ್ಯಾಸಕರ ಮುಂದೆ ಮೂರು ಸಲಹೆಗಳನ್ನು ವಿನಯದಿಂದ ಇಡುತ್ತೇನೆ.

ಮೊದಲನೆಯದು, ಸೂಕ್ಷ್ಮ ಬೋಧನೆಯಲ್ಲಿ ವಿದ್ಯಾರ್ಥಿಗಳಾಗಿ ಕೂರುವ ಸಹಪಾಠಿಗಳಲ್ಲಿ ಒಬ್ಬರಿಗೆ ಉಪನ್ಯಾಸಕರು ಒಂದು ಚೀಟಿ ಕೊಡಲಿ. ಆ ಪಾಠದಲ್ಲಿ ಮಕ್ಕಳು ನಿಜವಾಗಿ ಮಾಡುವ ಒಂದು ತಪ್ಪು ಅಥವಾ ಕೇಳುವ ಒಂದು ಪ್ರಶ್ನೆ ಅದರಲ್ಲಿರಲಿ. ಚೀಟಿ ಯಾರ ಬಳಿ ಇದೆ ಎಂಬುದು ಪಾಠ ಮಾಡುವವರಿಗೆ ತಿಳಿಯದಿರಲಿ.

ಎರಡನೆಯದು, ಪಾಠಯೋಜನೆಯಲ್ಲಿ 'ಮಗು ಹೀಗೆ ಹೇಳಿದರೆ' ಎಂಬ ಒಂದು ಅಂಕಣ ಸೇರಲಿ. ಪ್ರತಿ ಪಾಠಕ್ಕೆ ಎರಡು ಸಾಲು ಸಾಕು. ನಾನು ಅದನ್ನು ಬರೆದಿದ್ದರೆ ಎ² + ಬಿ² ಖಂಡಿತ ಅಲ್ಲಿರುತ್ತಿತ್ತು. ಗಣಿತ ಕಲಿಸಿದವರಿಗೆಲ್ಲ ಗೊತ್ತಿರುವ ತಪ್ಪು ಅದು.

ಮೂರನೆಯದು, ವೀಕ್ಷಣಾ ನಮೂನೆಯಲ್ಲಿ 'ಪಾಠ ಎಲ್ಲಿ ಯೋಜನೆ ಬಿಟ್ಟು ಹೋಯಿತು, ಏಕೆ' ಎಂದು ಬರೆಯಲು ಜಾಗವಿರಲಿ. ಬಿಟ್ಟು ಹೋದದ್ದನ್ನೆಲ್ಲ ದೋಷವೆಂದು ಎಣಿಸದೆ, ಕಾರಣ ನೋಡಿ ಅಂಕ ಕೊಡಲಿ. ಸಮಯಪಾಲನೆಗೆ ಅಂಕವಿದ್ದು ಮಗುವಿನ ಪ್ರಶ್ನೆಗೆ ನಿಂತದ್ದಕ್ಕೆ ಅಂಕವಿಲ್ಲದಿದ್ದರೆ, ನಮ್ಮಲ್ಲಿ ಹೆಚ್ಚಿನವರು ನಾನು ಮಾಡಿದ್ದನ್ನೇ ಮಾಡುತ್ತೇವೆ. ಇದರಿಂದ ಸಿದ್ಧತೆ ಇಲ್ಲದವರೂ 'ಮಗು ಪ್ರಶ್ನೆ ಕೇಳಿತು' ಎಂದು ತಪ್ಪಿಸಿಕೊಳ್ಳಬಹುದು ಎಂಬ ಆಕ್ಷೇಪ ಬರಬಹುದು. ಆದರೆ ಕಾರಣ ಬರೆಯಬೇಕಾದಾಗ ಸಿದ್ಧತೆ ಇದ್ದವರು ಯಾರು, ಇಲ್ಲದವರು ಯಾರು ಎಂಬುದು ವೀಕ್ಷಕರಿಗೆ ತಿಳಿಯದೆ ಇರದು.

ಇವು ಸಣ್ಣ ಬದಲಾವಣೆಗಳು, ಖರ್ಚಿನವೂ ಅಲ್ಲ. ನಾನು ಒತ್ತಿ ಹೇಳುವುದು ಏಕೆಂದರೆ, ನಮಗೆ ಅಭ್ಯಾಸವಾಗಿರುವ ಪಾಠ ಮಕ್ಕಳಿಗೆ ಅಭ್ಯಾಸವಲ್ಲ. ಮುಂದಿನ ವರ್ಷ ಹತ್ತನೇ ತರಗತಿ, ಇನ್ನು ಆಟಕ್ಕೆ ಕಳಿಸುವುದಿಲ್ಲ ಎಂದು ಆ ಹುಡುಗಿಯ ಮನೆಯಲ್ಲಿ ಈಗಾಗಲೇ ಹೇಳಿದ್ದಾರೆ. ಅವಳ ಶಾಲಾ ದಿನಗಳ ಒಂದೇ ಒಂದು ಪಂದ್ಯ ಅದು. ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಏಳು ನಡೆ ಆಡಿ, ಸಂಜೆಯವರೆಗೆ ಉಳಿದವರ ಆಟ ನೋಡುತ್ತ ಕೂತಿದ್ದಳು. ನನಗೆ ಮುಂದೆ ಎಷ್ಟೋ ತಂಡಗಳು ಸಿಗುತ್ತವೆ.

ನಾನು ಶಾಲೆ ಬಿಡುವ ಹಿಂದಿನ ದಿನ ಎಂಟನೇ ತರಗತಿಯ ಹುಡುಗನೊಬ್ಬ ಅವಳ ಎದುರು ಕೂತ. ಅವಳು ಸೋತ ಆಟ ಅಷ್ಟರಲ್ಲಿ ಶಾಲೆಗೆಲ್ಲ ಗೊತ್ತಾಗಿತ್ತು. ಮೂರನೆಯ ನಡೆಗೆ ಅವನು ನಗುತ್ತ ಕುದುರೆಯನ್ನು ಡಿ4ಕ್ಕೆ ಇಟ್ಟ. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಬೋರ್ಡನ್ನು ನೋಡಿದಳು. ಆಮೇಲೆ ತನ್ನ ಕುದುರೆಯಿಂದ ಆ ಕುದುರೆಯನ್ನು ಹೊಡೆದು ನನ್ನ ಕಡೆ ತಿರುಗಿದಳು.

"ಮಿಸ್, ಈಗ ಅವನು ಕಾಲಾಳಿಂದ ಹೊಡೀತಾನೆ, ನಾನು ಕ್ಯಾಸ್ಲಿಂಗ್ ಮಾಡ್ತೀನಿ. ಅವನು ಹೊಡೀದೆ ಬೇರೆ ಏನಾದ್ರೂ ಆಡಿದ್ರೆ?"

ಈ ಸಲ ನಾನು 'ಆಮೇಲೆ ನೋಡೋಣ' ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.